ಒಳರೋಗಿಗಳಿಲ್ಲದ ಮಳೆಗಾಲ

ಹೋದ ತಿಂಗಳು ಉರಿಗಾಂನಲ್ಲಿ ನಂಟರೊಬ್ಬರ ಗೃಹಪ್ರವೇಶಕ್ಕೆಂದು ಬಂಗಾರಪೇಟೆಯಲ್ಲಿ ಬಸ್ಸು ಹತ್ತಿದೆ. ಅರ್ಧ ದಾರಿಯಲ್ಲಿ, ನಮ್ಮ ಹಳೆಯ ನರ್ಸಿಂಗ್ ಹೋಮಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಈಗ ಆ ಕಟ್ಟಡದಲ್ಲಿ ಕುಡಿಯುವ ನೀರಿನ ಕ್ಯಾನು ತುಂಬಿಸುತ್ತಾರೆ. ಅಂಗಳದಲ್ಲಿ ಹೆಂಗಸೊಬ್ಬಳು ಬ್ಲೀಚಿಂಗ್ ಪೌಡರ್ ಕದಡಿದ ನೀರಿನಲ್ಲಿ ಖಾಲಿ ಕ್ಯಾನು ತೊಳೆಯುತ್ತಿದ್ದಳು. ಆ ವಾಸನೆ ಕಿಟಕಿಯಿಂದ ಒಳಗೆ ಬಂತು. ಹತ್ತೊಂಬತ್ತು ವರ್ಷ ದಿನಾ ಬೆಳಗ್ಗೆ ಕೆಲಸಕ್ಕೆ ಬಂದ ಕೂಡಲೇ ನನ್ನ ಮೂಗಿಗೆ ಮೊದಲು ತಾಗುತ್ತಿದ್ದ ವಾಸನೆ. ಹೆರಿಗೆ ಕೋಣೆಯ ನೆಲ ಒರೆಸಿದ ವಾಸನೆ. ಟಿಕೆಟ್ಟು ಇನ್ನೂ ಮುಂದಕ್ಕಿತ್ತು. ಇಳಿದುಬಿಟ್ಟೆ.

“ಏನಮ್ಮಾ, ಉರಿಗಾಂ ಇನ್ನಾ ದೂರ ಐತೆ,” ಅಂದ ಕಂಡಕ್ಟರು.

“ಗೊತ್ತಪ್ಪಾ,” ಅಂದೆ.

ಬಸ್ಸು ಹೋಯಿತು. ನಾನು ರಸ್ತೆ ಪಕ್ಕದಲ್ಲಿ ನಿಂತೇ ಇದ್ದೆ. ಆರು ವರ್ಷದ ಹಿಂದಿನ ಒಂದು ಮಳೆಗಾಲ ಬಂದು ನನ್ನ ಪಕ್ಕದಲ್ಲಿ ನಿಂತ ಹಾಗಿತ್ತು. ಅದೇನು ಹೊಸದಲ್ಲ. ಸೋಪು ಹಾಕಿ ಕೈ ತೊಳೆಯುವಾಗಲೆಲ್ಲ ಅದು ಬಂದು ನಿಲ್ಲುತ್ತದೆ.

ನಾನು ಇದೇ ಸೀಮೆಯವಳು. ನನಗೆ ಮಾತು ಕಲಿಸಿದವಳು ನಮ್ಮಜ್ಜಿ. ಸುತ್ತಿನ ಐದಾರು ಹಳ್ಳಿಗೆ ಸೂಲಗಿತ್ತಿಯಾಗಿದ್ದ ಅವಳಿಗೆ ಒಂದು ಹೆರಿಗೆಯ ಕಥೆ ಹೇಳಲು ಒಂದು ಸಂಜೆ ಸಾಲುತ್ತಿರಲಿಲ್ಲ. ಅವಳ ಮಡಿಲಲ್ಲಿ ಕೂತು ಕೇಳಿದ ಕಥೆಗಳ ರುಚಿಗೇ ನಾನು ನರ್ಸಿಂಗ್ ಓದಿದೆನೋ ಏನೋ. ತರಬೇತಿ ಮುಗಿಸಿ ನೇರವಾಗಿ ಡಾಕ್ಟ್ರಮ್ಮನ ಹತ್ತಿರ ಕೆಲಸಕ್ಕೆ ಸೇರಿದೆ.

ಡಾಕ್ಟ್ರಮ್ಮನ ತಂದೆ ಚಿನ್ನದ ಗಣಿಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಮಗಳು ಈ ರಸ್ತೆ ಬದಿಯ ಮನೆಯನ್ನು ಕೊಂಡು ಎಂಟು ಹಾಸಿಗೆಯ ನರ್ಸಿಂಗ್ ಹೋಮ್ ಮಾಡಿದರು. ಕೆಳಗಿನ ನಾಲ್ಕು ಹಾಸಿಗೆ ನಂದಿದುರ್ಗ, ಕೋರಮಂಡಲ್‌ನ ಗಣಿ ಕಾರ್ಮಿಕರ ಲೈನುಮನೆಗಳ ಮುದುಕರಿಗೆ. ಕಲ್ಲಿನ ದೂಳು ಕುಡಿದ ಎದೆ, ಎರಡು ಮಾತಿಗೊಮ್ಮೆ ಕೆಮ್ಮು. ಮಹಡಿಯ ನಾಲ್ಕು ಹಾಸಿಗೆ ಬಾಣಂತಿಯರಿಗೆ. ಕೆಳಗೆ ತಮಿಳು, ಮೇಲೆ ಕನ್ನಡ ತೆಲುಗು ಕಲಸಿದ ಮಾತು. ನಡುವಿನ ಮೆಟ್ಟಿಲಲ್ಲಿ ನಾನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿದೆನೋ.

ಆ ಮೆಟ್ಟಿಲಿಂದಲೇ ಶುರುವಾಯಿತು. ಖಾಸಗಿ ಆಸ್ಪತ್ರೆಗಳು ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಹಿಂದೆಲ್ಲ ಡಾಕ್ಟ್ರಮ್ಮ ಅರ್ಜಿ ಬರೆದು ಕೊಟ್ಟರೆ ಆಗುತ್ತಿತ್ತು. ಈ ಸಲ ಎಲ್ಲವೂ ಆನ್‌ಲೈನ್. ಆಸ್ಪತ್ರೆಯ ಕಸ ಸಾಗಿಸುವ ಕರಾರು, ಮಾಲಿನ್ಯ ಮಂಡಳಿಯ ಒಪ್ಪಿಗೆ, ವಾಸದ ಮನೆಯೆಂದಿದ್ದ ಖಾತೆಯ ಬದಲಾವಣೆ, ನರ್ಸುಗಳ ನೋಂದಣಿ, ಎಲ್ಲದರ ಮೇಲೆ ಅಗ್ನಿಶಾಮಕದವರ ನಿರಾಕ್ಷೇಪಣಾ ಪತ್ರ. ಒಂದು ಕಾಗದ ಹಾಕಿದರೆ ಇನ್ನೊಂದು ಕಾಗದ ಕೇಳುತ್ತಿತ್ತು. ಔಷಧಿ ಕೊಡುವುದರಿಂದ ಹಿಡಿದು ಮೋಟರು ರಿಪೇರಿವರೆಗೆ ಎಲ್ಲಕ್ಕೂ ಇದ್ದ ಮುನಿರಾಜು ಫೈಲು ಹೊತ್ತು ಕೋಲಾರಕ್ಕೆ ಓಡಾಡಿ ಓಡಾಡಿ ಸಣ್ಣಗಾದ.

“ಡಾಕ್ಟ್ರಮ್ಮ, ಬೆಂಕಿ ಬಿದ್ರೆ ಓಡಕ್ಕೆ ಇಂದ್ಗಡೆ ಎರಡ್ನೇ ಮೆಟ್ಲು ಬೇಕಂತೆ,” ಅಂದ ಒಂದು ದಿನ. “ಇಲ್ಲಿರೋ ಮುದುಕ್ರಿಗೆ ಮುಂದ್ಗಡೆ ಮೆಟ್ಲೇ ಅತ್ತಕ್ಕಾಗಲ್ಲ.”

“ನಗಬೇಡ ಮುನಿರಾಜು,” ಅಂದರು ಡಾಕ್ಟ್ರಮ್ಮ. “ಅವರು ಕೇಳೋದು ಸರಿಯಾಗೇ ಇದೆ. ಮೇಲೆ ನಾಲ್ಕು ಜನ ಬಾಣಂತೀರು, ನಾಲ್ಕು ಕೂಸು. ಇಷ್ಟು ವರ್ಷ ಏನೂ ಆಗಿಲ್ಲ ಅಂದ್ರೆ ಅದು ನಮ್ಮ ಅದೃಷ್ಟ, ನಮ್ಮ ಜಾಣತನ ಅಲ್ಲ.”

ತಪಾಸಣೆಗೆ ಬಂದ ಅಧಿಕಾರಿಯೂ ಕೆಟ್ಟವರಲ್ಲ. ನಡುವಯಸ್ಸಿನ ಹೆಂಗಸು, ನಮ್ಮ ಹೆರಿಗೆ ಕೋಣೆಯನ್ನು ನೋಡಿ ಮೆಚ್ಚಿಕೊಂಡರು, ಕಾಫಿ ಕುಡಿದರು, ಆಮೇಲೆ ಬರೆದರು: ಅಗ್ನಿಶಾಮಕದ ಪತ್ರ ಬರುವವರೆಗೆ ಹೊರರೋಗಿಗಳನ್ನು ಮಾತ್ರ ನೋಡತಕ್ಕದ್ದು, ಒಳರೋಗಿಗಳನ್ನು ದಾಖಲಿಸಿಕೊಳ್ಳತಕ್ಕದ್ದಲ್ಲ.

“ನಿಮ್ಮ ಕೆಲಸದ ಬಗ್ಗೆ ನನಗೆ ಅನುಮಾನ ಇಲ್ಲ ಡಾಕ್ಟ್ರೇ. ಆದ್ರೆ ಪೋರ್ಟಲ್‌ನಲ್ಲಿ ‘ಅನುಮಾನ ಇಲ್ಲ’ ಅನ್ನೋ ಕಾಲಂ ಇಲ್ಲ,” ಅಂದರು.

“ತುರ್ತಾಗಿ ಯಾರಾದ್ರೂ ಬಂದ್ರೆ?”

“ಬಂದೋರಿಗೆ ತುರ್ತು ಚಿಕಿತ್ಸೆ ಕೊಡಲೇಬೇಕು. ಅದೂ ಕಾನೂನೇ.”

“ಹಂಗಾದ್ರೆ ಹೆರಿಗೆ ತುರ್ತೋ ಅಲ್ವೋ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಅದನ್ನ ಆವತ್ತು ಇಲ್ಲಿ ಇರೋರು ತೀರ್ಮಾನ ಮಾಡಬೇಕಾಗುತ್ತೆ,” ಅಂದರು.

ಆವತ್ತು ಇಲ್ಲಿ ಇರುವವಳು ನಾನೇ ಎಂದು ನನಗೆ ಹೊಳೆಯಲಿಲ್ಲ.

ಹಾಸಿಗೆಗಳನ್ನು ಖಾಲಿ ಮಾಡಿದೆವು. ಕೋರಮಂಡಲ್ ಲೈನಿನ ಮುದುಕನೊಬ್ಬ ತನ್ನ ಚೀಲ ಎತ್ತಿಕೊಳ್ಳುತ್ತ, “ಎನ್ನ ಸಿಸ್ಟರ್, ಇದೂನೂ ಮುಚ್ಚಿಬಿಟ್ರಾ? ನಾನು ಎಲ್ಲಿ ಸೇರ್ಕೊಂಡ್ರೂ ಅದು ಕ್ಲೋಸ್,” ಅಂದ. ನಕ್ಕೆವು. ಅವನು ಹೋದ ಮೇಲೆ ವಾರ್ಡಿನಲ್ಲಿ ಫ್ಯಾನಿನ ಸದ್ದು ಮಾತ್ರ ಉಳಿಯಿತು. ಬೆಳಗ್ಗೆ ಬಂದು ಖಾಲಿ ಮಂಚಗಳ ಸುತ್ತ ಸುಮ್ಮನೆ ನೆಲ ಒರೆಸುತ್ತಿದ್ದೆ.

ಹಿಂಬದಿಯ ಕಬ್ಬಿಣದ ಮೆಟ್ಟಿಲಿಗೆ ನಂದಿದುರ್ಗದ ಸೆಲ್ವಂ ಎಂಬ ವೆಲ್ಡರ್ ಹುಡುಗ ಬಂದ. ಅವನು ಹುಟ್ಟಿದ್ದೂ ನಮ್ಮ ಮಹಡಿಯಲ್ಲೇ. “ಕವಲೆ ಬೇಡ, ಚಿಂತೆ ಬಿಡಿ ಡಾಕ್ಟರಮ್ಮ. ಮೆಟ್ಟಿಲಲ್ಲ, ಆನೆ ಇಳಿಯೋ ಥರ ರೋಡೇ ಮಾಡ್ಕೊಡ್ತೀನಿ,” ಅಂದ. ಆದರೆ ಆ ವರ್ಷ ದಸರಾ ಮುಗಿದ ಮೇಲೆ ಹಿಡಿದ ಮಳೆ ಬಿಡಲೇ ಇಲ್ಲ. ನಮ್ಮ ಕಡೆ ಮಳೆ ಬಂದರೆ ಯಾರೂ ಬೈಯುವುದಿಲ್ಲ. ಆ ವರ್ಷ ಸೆಲ್ವಂ ಒಬ್ಬನೇ ಬೈದ. ತಾಡಪಾಲು ಕಟ್ಟಿಕೊಂಡು ದಿನಕ್ಕೆರಡು ಮೆಟ್ಟಿಲು ಬೆಸೆದ. ಗಣಿಮಣ್ಣಿನ ಗುಡ್ಡಗಳಿಂದ ಬೂದುಬಣ್ಣದ ನೀರು ಇಳಿದು ರಸ್ತೆಗೆಲ್ಲ ಹರಡಿತ್ತು.

ನನಗಿದ್ದ ಚಿಂತೆ ಬೇರೆ. ನಮ್ಮಲ್ಲಿ ಬಸುರಿಯರಿಗೆ ಒಂದು ಗುಲಾಬಿ ಕಾರ್ಡು ಕೊಡುತ್ತಿದ್ದೆವು. ಹೆಸರು, ಊರು, ದಿನ ತುಂಬುವ ತಾರೀಕು. ಆ ಎರಡು ತಿಂಗಳಲ್ಲಿ ಹೆರಬೇಕಾದವರು ಹನ್ನೊಂದು ಜನ. ಅವರಿಗೆಲ್ಲ, ಇಲ್ಲಿಗೆ ಬರಬೇಡಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂದು ತಿಳಿಸಬೇಕು. ಕಾರ್ಡಿನಲ್ಲಿದ್ದ ಫೋನ್ ನಂಬರುಗಳೆಲ್ಲ ಗಂಡಂದಿರವು, ಮೈದುನರವು. ಅರ್ಧಕ್ಕರ್ಧ ಸ್ವಿಚ್ ಆಫ್. ನಮ್ಮ ಹಳ್ಳಿಗಳಲ್ಲಿ ಫೋನಿಗಿಂತ ನಂಬಿಕೆಯದು ಡೈರಿ. ಬೆಳಗ್ಗೆ ಸಂಜೆ ಹಾಲು ಹಾಕಲು ಪ್ರತಿ ಮನೆಯಿಂದ ಒಬ್ಬರಾದರೂ ಬರುತ್ತಾರೆ. ಅಲ್ಲಿ ಹೇಳಿದ ಮಾತು ಕ್ಯಾನಿಗಿಂತ ಮೊದಲು ಊರು ಮುಟ್ಟುತ್ತದೆ. ಹನ್ನೊಂದು ಚೀಟಿ ಬರೆದು ಹಾಲಿನ ಗಾಡಿಯ ಡ್ರೈವರ್ ಕೈಯಲ್ಲಿ ಊರೂರಿನ ಡೈರಿಗೆ ಕಳಿಸಿದೆ. ಮೂರು ದಿನದಲ್ಲಿ ಹನ್ನೊಂದೂ ಮನೆ ಸೇರಿದವು ಎಂದು ಸುದ್ದಿ ಬಂತು. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮನೆಯೇನೋ ಸೇರಿದ್ದವು. ಹನ್ನೊಂದರಲ್ಲಿ ಒಂದು ಗುಟ್ಟೇನಹಳ್ಳಿಯ ಗಂಗಾರತ್ನಳದು. ಚೊಚ್ಚಲು. ಚೊಚ್ಚಲು ಬಸುರಿಗೆ ಬಳೆ ತೊಡಿಸಿದ ಮೇಲೆ ಅವಳು ಗಂಡನ ಮನೆಯಲ್ಲಿ ಇರುತ್ತಾಳೆಯೆ? ತವರಿಗೆ, ತಿಮ್ಮಾಪುರಕ್ಕೆ ಹೋಗಿ ತಿಂಗಳಾಗಿತ್ತು. ಕಾರ್ಡಿನಲ್ಲಿ ಇದ್ದದ್ದು ಗಂಡನ ಊರು. ನಾನು ಚೀಟಿ ಕಳಿಸಿದ್ದೂ ಅಲ್ಲಿಗೇ. ಆ ಎರಡು ಮನೆಯವರು ಬಳೆಶಾಸ್ತ್ರದ ದಿನ ಪಂಕ್ತಿಯಲ್ಲಿ ಬೀಗರಿಗೆ ತಡವಾಗಿ ಎಲೆ ಹಾಕಿದರೆಂದು ಮಾತು ಬಿಟ್ಟಿದ್ದರು. ಅತ್ತೆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿ, ಬೇಕಾದವರು ಅವರೇ ಬಂದು ಕೇಳಲಿ ಎಂದು ಸುಮ್ಮನಾದರಂತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಆದರೆ ಚೊಚ್ಚಲಿಗೆ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರೆ ಎನ್ನುವುದು ಯಾರಾದರೂ ನನಗೆ ಹೇಳಿಕೊಡಬೇಕಿತ್ತೇ? ನಾನೂ ಹೋಗಿದ್ದೆ. ಸೂಲಗಿತ್ತಿಯ ಮೊಮ್ಮಗಳು ನಾನು.

ಮೆಟ್ಟಿಲು ಮುಗಿಯಿತು. ಅಗ್ನಿಶಾಮಕದವರು ಇಂಥ ದಿನ ಬಂದು ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅದೇ ದಿನ ಡಾಕ್ಟ್ರಮ್ಮನಿಗೆ ಕೋಲಾರದಲ್ಲಿ ಖಾತೆಯ ವಿಚಾರಣೆ ಬಿತ್ತು. ಅವರೂ ಮುನಿರಾಜುವೂ ಬೆಳಗ್ಗೆಯೇ ಹೊರಟರು. ಹೋಗುವಾಗ ಡಾಕ್ಟ್ರಮ್ಮ ನನ್ನ ಕೈಗೆ ಬೀಗದ ಕೈ ಕೊಟ್ಟು, “ಎಲ್ಲಿಗೂ ಹೋಗಬೇಡ. ಅವರು ಬಂದಾಗ ಬಾಗಿಲು ಹಾಕಿರಬಾರದು, ಒಳಗೆ ಒಬ್ಬ ಪೇಷಂಟೂ ಇರಬಾರದು. ಇದೊಂದು ದಿನ,” ಅಂದರು.

ಮಧ್ಯಾಹ್ನ ಮೂರರ ಸುಮಾರಿಗೆ, ಸುರಿಯುವ ಮಳೆಯಲ್ಲಿ ಒಂದು ಆಟೋ ಬಂದು ನಿಂತಿತು. ಗಂಗಾರತ್ನ ಇಳಿದಳು. ಹಿಂದೆ ಅವಳಮ್ಮ ರಾಮಕ್ಕ, ತಲೆಗೆ ಗೊಬ್ಬರದ ಚೀಲ ಹೊದ್ದು, ಕೈಯಲ್ಲಿ ಗುಲಾಬಿ ಕಾರ್ಡು.

“ಬೆಳಗ್ಗಿಂದ ಬತ್ತಾ ಐತೆ ಸಿಸ್ಟರಮ್ಮ. ಈವಾಗ ಬುಡ್ತಾನೇ ಇಲ್ಲ.”

“ಅಯ್ಯೋ ರಾಮಕ್ಕ, ಚೀಟಿ ಬರಲಿಲ್ವಾ? ಇಲ್ಲಿ ಹೆರಿಗೆ ನಿಲ್ಲಿಸಿದೀವಿ.”

“ಯಾವ್ ಚೀಟಿನಮ್ಮ? ನಂಗ್ಯಾರೂ ಯೋಳಿಲ್ಲ.”

ಗಂಗಾರತ್ನ ಬಾಗಿಲ ಚೌಕಟ್ಟು ಹಿಡಿದು ಬಗ್ಗಿದ್ದಳು. ಇಪ್ಪತ್ತೊಂದು ವರ್ಷದ ಹುಡುಗಿ. ರಾಮಕ್ಕನನ್ನು ಜಗಲಿಯಲ್ಲಿ ಕೂರಿಸಿ, ಅವಳೊಬ್ಬಳನ್ನೇ ಪರದೆಯ ಹಿಂದೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ನನ್ನ ಕೈ ತಾನಾಗಿಯೇ ಮಾಡಿತು. ಕಣ್ಣೆದುರು ಬಸುರಿ ನೋವು ತಿನ್ನುವಾಗ ಹತ್ತೊಂಬತ್ತು ವರ್ಷದ ಕೈ ಕಾನೂನು ಕೇಳುವುದಿಲ್ಲ. ಗರ್ಭದ ಬಾಯಿ ಎಂಟು ಸೆಂಟಿಮೀಟರ್ ತೆರೆದಿತ್ತು. ಹತ್ತಾದರೆ ಮಗು ಹೊರಗೆ. ನೋವು ಒಂದರ ಬೆನ್ನಿಗೊಂದು ಬರುತ್ತಿತ್ತು. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ.

ಡಾಕ್ಟ್ರಮ್ಮನಿಗೆ ಫೋನು ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮುನಿರಾಜು ಎತ್ತಲಿಲ್ಲ. ಒಳಗೆ ವಿಚಾರಣೆ ನಡೆಯುತ್ತಿತ್ತು. ನೂರೆಂಟಕ್ಕೆ ಮಾಡಿದೆ, ಹತ್ತಿರದ ಗಾಡಿ ಬೇರೆ ಕೇಸಿಗೆ ಹೋಗಿದೆ, ಬರಲು ಅರ್ಧ ಗಂಟೆ ಅಂದರು. ಹೆರಿಗೆ ಕೋಣೆಯ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಒಳಗೆ ಮೇಜಿತ್ತು, ಆಮ್ಲಜನಕ ಇತ್ತು, ಕೂಸನ್ನು ಬೆಚ್ಚಗಿಡುವ ದೀಪ ಇತ್ತು. ಹತ್ತು ಹೆಜ್ಜೆ ದೂರ. ರಸ್ತೆಯಲ್ಲಿ ಯಾವುದೋ ಜೀಪು ಬಂದ ಸದ್ದಾಯಿತು. ಅವರೇ ಬಂದರೆಂದು ಬಾಗಿಲಿಗೆ ಓಡಿದೆ. ಜೀಪು ನಿಲ್ಲದೆ ಹೋಯಿತು.

ಅಷ್ಟೇ ಹೊತ್ತಿನಲ್ಲಿ ನಾನು ತೀರ್ಮಾನ ಮಾಡಿದ್ದು.

“ಇದೇ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋಗಿ ರಾಮಕ್ಕ. ಇಪ್ಪತ್ತೈದು ನಿಮಿಷ. ಹೊತ್ತಿದೆ,” ಅಂದೆ.

“ನೀನೂ ಬಾರಮ್ಮ ತಾಯಿ.”

“ಬಾಗಿಲು ಬಿಟ್ಟು ಬರೋ ಹಾಗಿಲ್ಲ.”

ಗಂಗಾರತ್ನ ಆಟೋ ಹತ್ತುವಾಗ ತಿರುಗಿ ನನ್ನ ಮುಖ ನೋಡಿದಳು. ಮಳೆ ಬಂದರೆ ರೈಲ್ವೆ ಕೆಳಸೇತುವೆಯಲ್ಲಿ ಸೊಂಟಮಟ್ಟ ನೀರು ನಿಲ್ಲುತ್ತದೆಂದು ಈ ದಾರಿಯಲ್ಲಿ ಓಡಾಡುವ ಯಾರಿಗೆ ಗೊತ್ತಿಲ್ಲ? ಆಟೋ ಅಲ್ಲಿಯವರೆಗೆ ಹೋಗಿ ತಿರುಗಿ ಒಂದು ಗಂಟೆಯ ಸುತ್ತು ದಾರಿ ಹಿಡಿಯಿತು. ಸುತ್ತು ದಾರಿಯ ನಡುವೆ, ಒಂದು ಹುಣಸೆಮರದ ಕೆಳಗೆ ಮಗು ಹುಟ್ಟಿತು. ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತಂತೆ. ಅದನ್ನು ಬಿಡಿಸುವ ಕೈ ಅಲ್ಲಿ ಇರಲಿಲ್ಲ. ಹೆಣ್ಣುಮಗು. ಅಳಲಿಲ್ಲ.

ಅಗ್ನಿಶಾಮಕದವರು ಅವತ್ತು ಬರಲೇ ಇಲ್ಲ. ಮಳೆಯೆಂದು ಮುಂದಿನ ವಾರಕ್ಕೆ ಹಾಕಿಕೊಂಡಿದ್ದರು.

ಆಮೇಲೆ ವಿಚಾರಣೆ. ಒಳರೋಗಿ ತೆಗೆದುಕೊಳ್ಳಬೇಡಿ ಎಂದವರೇ ಯಾಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳುವಂತಾಯಿತು. ಅವರನ್ನು ನಾನು ದೂರುವುದಿಲ್ಲ, ಎರಡೂ ಅವರು ಹೇಳಬೇಕಾದ ಮಾತುಗಳೇ. ಡಾಕ್ಟ್ರಮ್ಮ ಒಬ್ಬ ವಕೀಲರನ್ನು ಹಿಡಿದರು. ಅವರು ನನ್ನನ್ನು ಬೇರೆಯಾಗಿ ಕೂರಿಸಿಕೊಂಡು ಬಿಡಿಸಿ ಹೇಳಿದರು:

“ನೋಡಮ್ಮ, ಮುಟ್ಟಿ ನೋಡಿದೆ ಅಂದ್ರೆ ಚಿಕಿತ್ಸೆ ಶುರು ಮಾಡ್ದಂಗೆ. ಶುರು ಮಾಡಿ ಅರ್ಧಕ್ಕೆ ಕಳಿಸಿದ್ರೆ ಅದು ನಿರ್ಲಕ್ಷ್ಯ. ನೋಡಲಿಲ್ಲ, ದಾರಿ ತೋರಿಸಿದೆ ಅಂದ್ರೆ ಅದು ಆದೇಶ ಪಾಲನೆ. ಏನಾಯ್ತೋ ಅದನ್ನ ನಾನು ಕೇಳ್ತಾ ಇಲ್ಲ. ಏನು ಬರೆಸ್ತೀಯೋ ಅದನ್ನ ಕೇಳ್ತಾ ಇದೀನಿ.”

ಬರೆಸಿದೆ. ‘ನೋವು ಆಗಷ್ಟೇ ಶುರುವಾದಂತೆ ಕಂಡಿತು. ನಾನು ಪರೀಕ್ಷಿಸಲಿಲ್ಲ. ಸಾಕಷ್ಟು ಸಮಯವಿದೆಯೆಂದು ಭಾವಿಸಿ ಸರ್ಕಾರಿ ಆಸ್ಪತ್ರೆಗೆ ಹೋಗಲು ತಿಳಿಸಿದೆ.’ ಪರದೆಯ ಹಿಂದೆ ಇದ್ದವರು ನಾವಿಬ್ಬರೇ. ಸಹಿ ಹಾಕಿದೆ. ಡಾಕ್ಟ್ರಮ್ಮ ಆ ಕಾಗದವನ್ನು ಓದಿ ನನ್ನ ಕಡೆ ನೋಡಿದರು.

“ನೋಡಲಿಲ್ವಾ ನೀನು?”

“ಇಲ್ಲ ಮೇಡಂ.”

ಹತ್ತೊಂಬತ್ತು ವರ್ಷ ನನ್ನ ಕೆಲಸ ನೋಡಿದವರು. ಮತ್ತೆ ಕೇಳಲಿಲ್ಲ. ವಿಚಾರಣೆ ಮುಗಿಯಿತು, ನಮ್ಮ ಮೇಲೆ ತಪ್ಪು ಬರಲಿಲ್ಲ. ಪ್ರಮಾಣಪತ್ರವೂ ಬಂತು. ಡಾಕ್ಟ್ರಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಹೆರಿಗೆ ಕೋಣೆಯ ಬೀಗವನ್ನು ಮಾತ್ರ ತೆಗೆಸಲಿಲ್ಲ. ಎರಡು ವರ್ಷ ಜ್ವರ ನೆಗಡಿ ನೋಡಿ, ಒಂದು ದಿನ ಬೋರ್ಡನ್ನೂ ಇಳಿಸಿದರು. ಸೆಲ್ವಂ ಮಾಡಿದ ಮೆಟ್ಟಿಲನ್ನು ಒಬ್ಬ ಬಾಣಂತಿಯೂ ಹತ್ತಲಿಲ್ಲ.

ನಾನು ಬಂಗಾರಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಬಿಪಿ ನೋಡುವ ಕೆಲಸಕ್ಕೆ ಸೇರಿಕೊಂಡೆ. ಹೆರಿಗೆಗೆ ಮತ್ತೆ ಕೈ ಹಾಕಲಿಲ್ಲ. ಕೆಲವು ಸಲ ಬಸ್ಸಿನಲ್ಲಿ ಯಾರೋ ಹುಡುಗಿ ತಿರುಗಿ ನೋಡಿದರೆ ಸಾಕು, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಹೋಗಿದ್ದೇನೆ.

ಹೋದ ತಿಂಗಳು ಆ ನೀರಿನ ಘಟಕದ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ. ಕ್ಯಾನು ತೊಳೆಯುವ ಹೆಂಗಸು, “ಏನ್ ಬೇಕಮ್ಮ?” ಅಂದಳು. ಏನು ಬೇಕೆಂದು ಹೇಳಲಿ? ಗೃಹಪ್ರವೇಶಕ್ಕೆ ಹೋಗಲಿಲ್ಲ. ಒಂದು ಶೇರ್ ಆಟೋ ಹತ್ತಿ ಗುಟ್ಟೇನಹಳ್ಳಿ ಅಂದೆ. ಆರು ವರ್ಷ ಆ ಊರಿನ ದಾರಿ ತುಳಿದವಳಲ್ಲ.

ಗಂಗಾರತ್ನ ಮನೆಯ ಮುಂದೆ ಸೀಮೆಹಸುವಿಗೆ ಬೂಸಾ ಕಲಸುತ್ತಿದ್ದಳು. ಮೈ ತುಂಬಿಕೊಂಡಿದ್ದಾಳೆ. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆಯೂ ಹಿಡಿಯಲಿಲ್ಲ. ಕೈ ತೊಳೆದುಕೊಂಡು ಬಂದು ಜಗಲಿಯ ಮೇಲೆ ಚಾಪೆ ಹಾಸಿದಳು. ನೀರು ಕೊಟ್ಟಳು.

“ಮಕ್ಳು?” ಅಂದೆ.

“ಒಬ್ಳವ್ಳೆ. ಅಂಗನವಾಡಿಗ್ ಓಗವ್ಳೆ. ಕೋಲಾರದಲ್ಲಾಯ್ತು, ಆಪರೇಷನ್ನು.” ಲೋಟ ತೆಗೆದು ಪಕ್ಕಕ್ಕಿಟ್ಟಳು. “ನೀವು ಒಂದಿನ ಬತ್ತೀರ ಅಂತ ಅನ್ಕೊಂಡಿದ್ದೆ ಸಿಸ್ಟರೇ. ಒಂದ್ ಮಾತು ಕೇಳ್ಬೇಕಿತ್ತು.”

“ಕೇಳು.”

“ಆವೊತ್ತು ಪರದೆ ಇಂದೆ ಕರ್ಕೊಂಡೋಗಿ ನೀವು ನನ್ನ ನೋಡಿದ್ರಾ, ಇಲ್ಲಾ ನಂಗೆ ನೋವಲ್ಲಿ ಅಂಗನ್ನಿಸ್ತಾ?”

ಹಸು ಬಕೆಟ್ಟಿಗೆ ಮೂತಿ ತೂರಿಸಿ ಸದ್ದು ಮಾಡುತ್ತಿತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

“ವಿಚಾರಣೆ ಪೇಪರ್ನಾಗೆ ನೋಡೇ ಇಲ್ಲ ಅಂತ ಐತಂತೆ. ನೋವು ಈಗ ಸುರುವಾಗಿತ್ತು, ಟೈಮಿತ್ತು ಅಂತ ಐತಂತೆ. ಅದ್ನ ಓದ್ಸಿ ಕೇಳ್ಕೊಂಡು ಬಂದಾಗಿಂದ ನಮ್ಮತ್ತೆ ಒಂದೇ ಮಾತು. ಟೈಮಿದ್ರೂ ತಡ್ಕೊಳ್ದೆ ಆಟೋದಲ್ಲೇ ನೀನೇ ಮುಕ್ಕಿ ಮಗೀನ ಕೊಂದೆ ಅಂತಾರೆ. ನೋಡಿದ್ರು ಸಿಸ್ಟರು ಅಂತ ನಾನಂದ್ರೆ, ನಿಂಗೆ ಗ್ಯಾನ ಇರ್ಲಿಲ್ಲ ಅಂತಾರೆ. ನಮ್ಮಮ್ಮನೂ ಅಂಗೇ ಅಂದ್ಲು. ಆಮೇಲಾಮೇಲೆ ನಂಗೂ ಅಂಗೇ ಅನ್ಸಕ್ಕೆ ಸುರುವಾಯ್ತು.”

ನನ್ನ ಸಹಿ ನನ್ನನ್ನು ಕಾಯ್ದಿತು, ಡಾಕ್ಟ್ರಮ್ಮನನ್ನು ಕಾಯ್ದಿತು ಎಂದು ತಿಳಿದಿದ್ದೆ. ಆರು ವರ್ಷ ಅದು ಈ ಮನೆಯಲ್ಲಿ, ಈ ಹುಡುಗಿಯ ತಲೆಯ ಮೇಲೆ ಕೂತಿತ್ತು.

“ನೋಡಿದ್ದೆ ಕಣಮ್ಮ,” ಅಂದೆ. “ಎಂಟು ಬಿಟ್ಟಿತ್ತು.”

“ಎಂಟಂದ್ರೆ?”

“ಎಂಟಂದ್ರೆ ಆ ಮಳೇಲಿ ಆಸ್ಪತ್ರೆ ಮುಟ್ಟೋಷ್ಟು ಹೊತ್ತಿರಲಿಲ್ಲ ಅಂತ. ನೀನು ತಡ್ಕೊಂಡ್ರೂ ಅದು ನಿಲ್ತಿರಲಿಲ್ಲ. ಯಾರ ಕೈಲೂ ಆಗ್ತಿರಲಿಲ್ಲ. ಗೊತ್ತಿದ್ದೂ ಕಳಿಸಿದೆ.”

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಎದ್ದು ನಿಂತಳು.

“ನಮ್ಮತ್ತೆ ಒಳಗವ್ರೆ. ಬನ್ನಿ, ಅವ್ರ್ ಮುಂದೇನೂ ಇದ್ನೇ ಯೋಳಿ.”

ಚಪ್ಪಲಿ ಬಿಟ್ಟು ಅವಳ ಹಿಂದೆ ಹೊಸಿಲು ದಾಟಿದೆ. ಒಳಗೆ ಮುದುಕಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ತಲೆಯೆತ್ತಿ ಯಾರು ಎಂಬಂತೆ ನೋಡಿದರು.

“ಅತ್ತೆ, ನರ್ಸಿಂಗ್ ಓಮ್ ಸಿಸ್ಟರು. ನಿಮ್ಗೊಂದು ಮಾತು ಯೋಳ್ಬೇಕಂತೆ,” ಅಂದಳು ಗಂಗಾರತ್ನ, ನನ್ನ ಪಕ್ಕದಲ್ಲೇ ನಿಂತು.

ಮುದುಕಿಯ ಕೈ ನಿಂತಿತು. ನಾನು ನೆಲದ ಮೇಲೆ ಕೂತು, ಎಂಟರಿಂದ ಶುರು ಮಾಡಿದೆ.